ಮಡಿಕೆ ಬಿಚ್ಚಿದರೂ

ಸ್ಕ್ಯಾನಿಂಗ್ ಕೋಣೆಯ ಹೊರಗೆ ನನ್ನ ಪಕ್ಕ ಕೂತಿದ್ದ ದರ್ಜಿ, ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಬಂದವರು, ತಂಗಿಯ ಮೇಲೆ ರೇಗುತ್ತಿದ್ದರು.

“ಹೆಪಟೈಟಿಸ್ ವೈರಸ್ಸು ಈಗ ನನ್ನ ರಕ್ತದಲ್ಲಿ ಕಾಣಿಸ್ತಾನೇ ಇಲ್ವಂತೆ. ಮತ್ಯಾಕೆ ಲಿವರ್ ಸ್ಕ್ಯಾನು?”

“ಅಣ್ಣಾ, ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಮಾಡ್ತೀಯಲ್ಲ, ಹಳೇ ಮಡಿಕೆ ಗೆರೆ ಹೋಗುತ್ತಾ?”

“ಎಷ್ಟು ಇಸ್ತ್ರಿ ತಿಕ್ಕಿದ್ರೂ ಹೋಗಲ್ಲ.”

“ವೈರಸ್ಸೂ ಹಾಗೇ. ಜೀನನ್ನ ಹರಿಯದೇನೇ ಮಡಚಿಡುತ್ತಂತೆ. ಕ್ಯಾನ್ಸರ್ ತಡೆಯೋ ಜೀನೇ ಮಡಿಕೆಯೊಳಗೆ ಸಿಕ್ಕಿಕೊಂಡ್ರೆ? ವೈರಸ್ಸು ಅಡಗಿದ್ರೂ ಆ ಗುರುತು ಉಳೀಬಹುದು ಅಂದ್ರು ಡಾಕ್ಟ್ರು.”

“ಅಮ್ಮಂಗೆ ಲಿವರ್ ಕ್ಯಾನ್ಸರ್ ಬಂದಿದ್ದೂ ಹಾಗೇನಾ?”

“ಅಮ್ಮಂಗೆ ಯಾರೂ ಸ್ಕ್ಯಾನೇ ಮಾಡಿಸ್ಲಿಲ್ಲ. ನಿನ್ನನ್ನಂತೂ ಬಿಡಲ್ಲ.”

ನರ್ಸ್ ಕರೆದರು. ಆತ ಎದ್ದು ತಂಗಿಯ ಕೈ ಹಿಡಿದೆಳೆದರು.

“ನಡಿ. ನಾವಿಬ್ರೂ ಒಂದೇ ಥಾನಿನ ಬಟ್ಟೆ. ಅಮ್ಮನಿಂದ ನಂಗೆ ಬಂದಿದ್ದು ನಿಂಗೂ ಬಂದಿರ್ಬಹುದು. ನಿನ್ನ ರಕ್ತಾನೂ ಇವತ್ತೇ ಪರೀಕ್ಷೆ ಆಗ್ಲಿ.”