ಬಯ್ಯೂಮಿಯನ್ನು ಕರೆದ ದನಿ

ಇದು ನನ್ನ ಸೋದರತ್ತೆ ಮಗ ವಗ್ದಿ ಕಣ್ಣಾರೆ ಕಂಡದ್ದು. ಅಲೆಕ್ಸಾಂಡ್ರಿಯಾದಲ್ಲಿ ಟ್ರಾಮ್ ಓಡಿಸುತ್ತಿದ್ದ ಅವನು, ನಾಲ್ಕು ದಿನ ಇದ್ದು ಹೋಗೋಣವೆಂದು ನೈಲ್ ದಂಡೆಯ ನಮ್ಮೂರಿಗೆ ಬಂದಿದ್ದ. ಉಳಿದುಕೊಂಡದ್ದು ನನ್ನ ಚಿಕ್ಕಪ್ಪನ ಮಗ ಬಯ್ಯೂಮಿಯ ಮನೆಯಲ್ಲಿ. ಬಯ್ಯೂಮಿ ಭತ್ತ ಬೆಳೆಯುವವನು. ಅವನ ಹೆಂಡತಿ ಇನ್ಶಿರಾ ಹಿಂದಿನ ವರ್ಷ ಪಾತ್ರೆ ತೊಳೆಯಲು ಹೋಗಿ ನದಿಪಾಲಾಗಿದ್ದಳು. ಹೆಣವೂ ಸಿಕ್ಕಿರಲಿಲ್ಲ.

ಅವತ್ತು ಮದುವೆ ಊಟ ಮುಗಿಸಿ ಇಬ್ಬರೂ ದಂಡೆ ಹಿಡಿದು ಬರುತ್ತಿದ್ದರು. ನಡುರಾತ್ರಿ. ಅಂಗಿ ಬೆನ್ನಿಗೆ ಅಂಟುವಂಥ ಸೆಕೆ. ಕಪ್ಪೆಗಳು ವಟವಟ ಅನ್ನುತ್ತಿದ್ದವು. ಪಾಳುಬಾವಿಯ ಅತ್ತಿಮರ ಬಂತು...

"ಮೆಲ್ಲಗೆ ಮಾತಾಡು ಅಣ್ಣ," ಬಯ್ಯೂಮಿ ಪಿಸುಗುಟ್ಟಿದ. "ಇಲ್ಲೇ ಅವಳು ಹೋಗಿದ್ದು."

"ಯಾಕೆ, ಎದ್ದು ಬರ್ತಾಳಾ?"

"ಬಂದ್ರೆ ಸಾಕಿತ್ತು."

ವಗ್ದಿಗೆ ನಗು. ಹೆಂಡತಿ ಸತ್ತು ವರ್ಷವಾದರೂ ದಿನಾ ಎರಡು ತಟ್ಟೆ ಇಡುವ ಗಂಡಸು! ಉಚ್ಚೆ ಹೊಯ್ದು ಬರ್ತೀನಿ ಅಂತ ಮರದ ಹಿಂದೆ ಹೋದ. ಮೂಗು ಹಿಡಿದುಕೊಂಡು, ಹೆಣ್ಣುದನಿ ಮಾಡಿ ಕರೆದ.

"ಬಯ್ಯೂಮೀ... ಚಳಿ ಕಣೋ... ಬಾ..."

ಅತ್ತ ಕಡೆಯಿಂದ ಬಯ್ಯೂಮಿಯ ದನಿ, "ಬಂದೆ ಕಣೇ."

ವಗ್ದಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನೀರಿಗೆ ಕಾಲಿಟ್ಟ ಸದ್ದು... ಚಳಕ್... ಚಳಕ್... ಇಣುಕಿದರೆ ಬಯ್ಯೂಮಿ ಎದೆಮಟ್ಟ ನೀರಲ್ಲಿದ್ದಾನೆ!

"ಲೇ ಕತ್ತೆ! ನಾನು ಕಣೋ ಕರೆದಿದ್ದು! ವಾಪಸ್ ಬಾ!"

ಬಯ್ಯೂಮಿ ತಿರುಗಿದ. ಮುಖದ ತುಂಬ ನಗು.

"ಗೊತ್ತಣ್ಣ. ಮೊದಲು ಕರೆದಿದ್ದು ನೀನು... ಈಗ ಕರೀತಿರೋದು ಅವಳು."

ಅಷ್ಟೂ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು. ಗುಳುಕ್... ಒಂದೇ ಸಲ. ನೀರು ಮತ್ತೆ ಸಮವಾಯಿತು.

ವಗ್ದಿಗೆ ಈಜು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವನು ಒಂದು ಹೆಜ್ಜೆಯೂ ಮುಂದಿಡಲಿಲ್ಲ. ಊರವರಿಗೆ, "ಕಾಲು ಜಾರಿ ಬಿದ್ದ" ಅಂದ. ನಿಜ ಬಾಯಿಬಿಟ್ಟದ್ದು ಹನ್ನೊಂದು ವರ್ಷದ ಮೇಲೆ, ಹಾಸಿಗೆ ಹಿಡಿದಾಗ.

ಮುಳುಗಿದ ಮೂರನೇ ದಿನ ತೂಬಿನ ಹತ್ತಿರ ಬಯ್ಯೂಮಿಯ ಹೆಣ ತೇಲಿತು. ಹೂಳುವ ಮುಂಚೆ ಅದನ್ನು ತೊಳೆದದ್ದು ನಮ್ಮಪ್ಪ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ನಮ್ಮಪ್ಪ ಸುಳ್ಳು ಹೇಳುವವನಲ್ಲ. ಮೂರು ದಿನ ನೀರಲ್ಲಿ ನೆನೆದ ಆ ಹೆಣದ ಎರಡೂ ಅಂಗಾಲಿಗೆ, ನಮ್ಮಲ್ಲಿ ಮದುವೆಯ ಹಿಂದಿನ ರಾತ್ರಿ ಮದುಮಗನಿಗೆ ಹಚ್ಚುವ ಹಾಗೆ, ಮದರಂಗಿ ಮೆತ್ತಿತ್ತು. ಇನ್ನೂ ಹಸಿ. ಒರೆಸಿದ ಬಟ್ಟೆಗೆ ಹತ್ತುತ್ತಿತ್ತು.