ಕಾದಂಬರಿಯ ಅಜ್ಜಿಯ ಕೆಮ್ಮು

"ಕಾದಂಬರೀಲಿ ಆ ಅಜ್ಜಿ ಸಾಯೋದೇ ಇಲ್ವಲ್ಲೇ. ಕೊನೇ ಪುಟದಲ್ಲಿ ಮೊಮ್ಮಗಳಿಗೆ ಸೈಕಲ್ ಕಲಿಸ್ತಾಳೆ," ಎಂದಳು ಅಕ್ಕ.

ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ಕೂತಿದ್ದ ಮುದುಕಿಯ ಕಿವಿ ನೆಟ್ಟಗಾಯಿತು. ಹೈಸ್ಕೂಲು ಓದುವ ತಂಗಿ ತಲೆ ಎತ್ತಲಿಲ್ಲ.

"ಅರ್ಧ ಓದಿದ್ದೆ ಕಣೇ. ಅಷ್ಟೊಂದು ಕೆಮ್ತಿದ್ಲು, ಸತ್ತೇ ಸಾಯ್ತಾಳೆ ಅಂದ್ಕೊಂಡೆ."

"ಅದಕ್ಕೇ ಇಂಗ್ಲಿಷ್ ಕ್ಲಾಸಿನ ಪ್ರಬಂಧದ ತುಂಬಾ ಅವಳ ಸಾವಿನ ಅರ್ಥ ಬರೆದ್ಯಾ? ಮೇಡಂ ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. ಆ ಕಾದಂಬರಿಯ ತಮ್ಮ ಪ್ರತೀನೇ ಕೈಗಿಟ್ಟು, 'ಪೂರ್ತಿ ಓದಮ್ಮ, ಆಮೇಲೆ ಬರಿ' ಅಂದ್ರು. ನಾಳೆ ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಮುದುಕಿಗೆ ಗಂಟಲು ಕೆರೆಯುತ್ತಿತ್ತು. ಈಗ ಕೆಮ್ಮಿದರೆ ಹುಡುಗಿ ನಾಚಿಕೆಯಿಂದ ಇನ್ನಷ್ಟು ಕುಗ್ಗಿಹೋದಾಳೆಂದು ಕರವಸ್ತ್ರ ಬಾಯಿಗೊತ್ತಿ ತಡೆದುಕೊಂಡಳು.

"ಓದಿ ಮುಗಿಸಿದ ಮುಖ ಹೊತ್ಕೊಂಡು ಹೋಗು. ಬಸ್ ಬಂತು, ಏಳು."

ಇಬ್ಬರೂ ಹತ್ತಿದರು. ಬಸ್ಸು ತಿರುವು ದಾಟಿದ ಮೇಲೆ ಮುದುಕಿ ಮನಸಾರೆ ಕೆಮ್ಮಿದಳು.