ಕೊಡ ತುಂಬ ನೀರು

ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಯಾರೋ ಒಬ್ಬ ಅಕ್ಕ, ಆಕೆಯ ತಮ್ಮ ಡಂಬಳದ ಬಸ್ಸಿಗೆ ಕಾಯುತ್ತ ಕೂತಿದ್ದರು. ಆ ತಮ್ಮ ಕಡಲತೀರದ ಹತ್ತಿರದ ಒಂದು ನಡುಗಡ್ಡೆಯ ಊರಿನಲ್ಲಿ ಸರ್ವೇ ಮುಗಿಸಿ ಬಂದಿದ್ದ.

"ಎಷ್ಟ ಮನಿ ಅದಾವೋ ನೀಲಪ್ಪ?"

"ಹನ್ನೊಂದ ಅಕ್ಕಾ. ಹಿಂದ ಉಪ್ಪು ತಗಿಯೋರ ಎಪ್ಪತ್ತ ಮನಿ ಇದ್ದೂವಂತ. ಆ ಕೆಲಸ ನಿಂತಮ್ಯಾಲೆ ಮಂದಿ ಊರ ಬಿಟ್ರು. ಸುತ್ತ ಬರೇ ಸಮುದ್ರ."

"ನೀರಿಗೇನ ಬರ ಇಲ್ಲ ಬಿಡು."

"ನಾನೂ ಹಂಗ ಅನಕೊಂಡೆ. ಒಬ್ಬಾಕಿ ಅಜ್ಜಿ ಕೊಡ ತುಂಬ ನೀರ ತಂದಿಟ್ಲು. ನಮ್ಮೂರಾಗ ಮಾಡಿದಂಗ ಕೈಕಾಲ, ಮಾರಿ ತೊಳಕೊಂಡು ಖಾಲಿ ಮಾಡಿದೆ."

"ಮತ್ತ?"

"ಅದು ಕುಡಿಯೋ ನೀರು. ಎರಡ ದಿನಕ್ಕೊಮ್ಮೆ ಆಚಿ ದಂಡಿಯಿಂದ ದೋಣ್ಯಾಗ ತರ್ತಾರ."

"ಬರಗಾಲದ ಸೀಮ್ಯಾಗ, ಡಂಬಳದಾಗ ಹುಟ್ಟಿದಾಂವಗ ನೀರಿನ ಕಿಮ್ಮತ್ತ ತಿಳೀಲಿಲ್ಲೇನೋ? ಆಕಿ ಬೈಲಿಲ್ಲೇನು?"

"ಇಲ್ಲ. ಒಳಗ ಹೋಗಿ ಇನ್ನೊಂದ ತಂಬಿಗಿ ತಂದು, ಕುಡೀರಿ ಅಂದ್ಲು."

"ಸರ್ವೇ ಕಾಗದದಾಗ ನೀರಿಂದು ಏನ ಬರದಿ?"

"ಆಕಿ ಕೊಡ ಇಟ್ಟಾಗನ, ನೀರಿಗೆ ತೊಂದ್ರಿ ಇಲ್ಲ ಅಂತ ಬರದಿದ್ದೆ."

"ಆಮ್ಯಾಲೆ ತಿದ್ದಿದಿ ಹೌದಲ್ಲೋ?"

ನೀಲಪ್ಪ ಬ್ಯಾಗನ್ನು ಹೆಗಲಿಗೇರಿಸಿದ.

"ಬಸ್ ಬಂತು. ಏಳಕ್ಕಾ."

ಇಬ್ಬರೂ ಎದ್ದು ಹೋದರು. ಬಂದದ್ದು ಡಂಬಳದ್ದಲ್ಲ, ಶಿರಹಟ್ಟಿಯ ಬಸ್ಸು.